ಹನ್ನೊಂದನೆಯ ಕಂತು

ಟಿಬಿಲಿಸಿಯ ರೈಲು ನಿಲ್ದಾಣದ ಅಡಿಯಲ್ಲಿ, ಮೆಟ್ಟಿಲಿಳಿದರೆ
ಎಡಕ್ಕೆ ಕಾಲುಚೀಲದ ಅಂಗಡಿ, ಬಲಕ್ಕೆ ನಾನು.
ಒಂದು ಮೇಜು, ಒಂದು ದೀಪ, ಭೂತಗನ್ನಡಿ,
ಹಲ್ಲುಜ್ಜಿ ಸವೆದ ಬ್ರಷ್ಷು, ಸ್ಪಿರಿಟ್ಟಿನ ಸೀಸೆ.
ಹದಿನಾರು ವರ್ಷದಿಂದ ಬೇರೆಯವರ ಬೀಗ ತೆಗೆಯುವುದೇ ಕಸುಬು.
ಕಳ್ಳಿಯಲ್ಲ, ರಸೀದಿ ಕೊಡುತ್ತೇನೆ.

ನುಗ್ಜಾರ್ ಬಂದದ್ದು ಮಾರ್ಚಿನಲ್ಲಿ,
ಟ್ಯಾಕ್ಸಿಯ ಕೀಲಿ ಬೆರಳಿಗೆ ಸುತ್ತುತ್ತ.
ಕರವಸ್ತ್ರ ಬಿಚ್ಚಿದ. ಒಳಗೊಂದು ಹೊಸ ಫೋನು,
ಗಾಜಿನ ಮೇಲಿನ ತೆಳು ಹಾಳೆಯನ್ನೂ ಕಿತ್ತಿಲ್ಲ.
"ಬ್ರೂಕ್ಲಿನ್ನಿಂದ ಹೆಂಡತಿ ಕಳಿಸಿದ್ದು. ತರುವವರು ಸಿಗದೆ
ಹತ್ತು ತಿಂಗಳು ಅವಳ ಮಂಚದಡಿ ಇತ್ತು.
ಈಗ ನಮ್ಮ ಸಿಮ್ ಹಾಕಿದರೆ
ನೀನು ಯಾರು ಅನ್ನುತ್ತದೆ."

ಅನ್ನದೆ ಇನ್ನೇನು. ಅಲ್ಲಿಯ ಕಂಪನಿಯ ಕೂಸು ಅದು,
ಬೇರೆ ಮೊಲೆಗೆ ಬಾಯಿ ಹಾಕದು.
ಬಿಡಿಸಿ ಹೇಳಿದೆ, ಎಲ್ಲರಿಗೂ ಹೇಳುವಂತೆ:
ಕಂತು ಇಪ್ಪತ್ತನಾಲ್ಕು. ಕೊನೆಯದು ಕಟ್ಟಿದ ಮೇಲೆ ಕೇಳಿದರೆ
ಕಂಪನಿಯೇ ಬೀಗ ಬಿಡುತ್ತದೆ, ಅದರಿಂದ ವಾರಂಟಿಯ ಕೂದಲೂ ಕೊಂಕದು.
ನಾನು ತೆಗೆದರೆ ಈಗಲೇ ಆಯಿತು, ಅರ್ಧ ಗಂಟೆ.
ಆದರೆ ಇದರ ಬೆನ್ನು ಬಿಚ್ಚಬೇಕು.
ಒಳಗೆ ಅಕ್ಕಿಕಾಳಿನಷ್ಟು ಬಿಳಿ ಚೀಟಿಯೊಂದಿದೆ,
ಅದು ಹರಿದರೆ ಹರಿಯಿತು. ಆಮೇಲೆ ಪರದೆ ಕಪ್ಪಾಗಲಿ, ಬ್ಯಾಟರಿ ಉಬ್ಬಲಿ,
ಯಾರೂ ನಿನ್ನ ಕಡೆ ತಿರುಗಿ ನೋಡುವುದಿಲ್ಲ.

"ಕಟ್ಟಿದ್ದೆಷ್ಟು?"
"ಹನ್ನೊಂದು."
"ವಾರಂಟಿ?"
"ಒಂದು ವರ್ಷ."
ಬೆರಳು ಮಡಿಸಿ ಎಣಿಸಿದ. ಮತ್ತೆ ಎಣಿಸಿದ.
ಬೀಗ ಬಿಡುವ ಹೊತ್ತಿಗೆ
ವಾರಂಟಿ ತೀರಿಹೋಗಿ ಒಂದು ವರ್ಷವಾಗಿರುತ್ತದೆ.
"ಇದನ್ನು ಬರೆದವನಿಗೆ ಹೆಂಡತಿ ಇಲ್ಲವೇನು?" ಎಂದ.

ಇನ್ನೊಂದು ಮಾತು ನುಂಗಬಹುದಿತ್ತು. ನುಂಗಲಿಲ್ಲ.
ಆ ವಾರಂಟಿ ಸಮುದ್ರ ದಾಟುವುದಿಲ್ಲ, ನುಗ್ಜಾರ್.
ಕೆಟ್ಟರೆ ಮತ್ತೆ ಅಲ್ಲಿಗೇ ಕಳಿಸಬೇಕು,
ಮತ್ತೆ ಯಾರದೋ ಸೂಟ್‌ಕೇಸು, ಮತ್ತೆ ಮಂಚದಡಿ.
ಇಲ್ಲಿ ಅದು ಬರೀ ಕಾಗದ.
ತೆಗೆದುಬಿಡಲೇ?

ಅವನು ಕಾಲುಚೀಲದ ಅಂಗಡಿಯ ಕಡೆ ನೋಡಿದ.
"ತ್ಸಿಯಾಲಾ ಅಲ್ಲೊಬ್ಬ ಮುದುಕನನ್ನು ಎತ್ತುತ್ತಾಳೆ, ಇಳಿಸುತ್ತಾಳೆ.
ಅವನು ಮಲಗಿದ ಮೇಲೆ ಅಡುಗೆಮನೆಯಿಂದ ಮಾತಾಡುತ್ತಾಳೆ, ಪಿಸುಪಿಸು.
ಪ್ರತಿ ಸಲವೂ ಕೇಳುತ್ತಾಳೆ, ಫೋನು ಹುಷಾರು,
ವಾರಂಟಿ ಇದೆಯಲ್ಲ ಅಂತ.
ಇದೆ ಅನ್ನಬೇಕು ನಾನು.
ಸುಳ್ಳು ಹೇಳಿದರೆ ಅವಳಿಗೆ ಗೊತ್ತಾಗುತ್ತದೆ,
ಅಷ್ಟು ದೂರದಿಂದ ಇನ್ನೂ ಬೇಗ ಗೊತ್ತಾಗುತ್ತದೆ."

ಹಿಡಿದ ಸ್ಕ್ರೂಡ್ರೈವರ್ ಕೆಳಗಿಟ್ಟೆ.
ಅವನ ಹಳೇ ಫೋನು ಇಸಿದುಕೊಂಡೆ,
ಗಾಜೆಲ್ಲ ಬಿರುಕು, ಮೂಲೆಗೆ ಟೇಪು.
ಸಿಮ್ ಅದರಲ್ಲೇ ಇರಲಿ, ಹಾಟ್‌ಸ್ಪಾಟ್ ಹಾಕು,
ಇದು ಅದಕ್ಕೆ ದಾದಿ.
ಎರಡು ನಿಮಿಷ. ಹೊಸದು ಕಣ್ಣು ಪಿಳುಕಿಸಿತು,
ಕುಡಿಯಿತು.
ರಬ್ಬರ್ ಬ್ಯಾಂಡಿನಲ್ಲಿ ಎರಡನ್ನೂ ಬೆನ್ನಿಗೆ ಬೆನ್ನು ಕಟ್ಟಿ ಕೊಟ್ಟೆ.
ಇಂಥದಕ್ಕೆ ರಸೀದಿ ಹೇಗೆ ಬರೆಯುವುದೋ ತಿಳಿಯಲಿಲ್ಲ.

ಏಪ್ರಿಲ್ ಕೊನೆಗೆ ಮತ್ತೆ ಬಂದ.
ವಾರಂಟಿ ತೀರಿ ಮೂರು ದಿನ, ಅವನೇ ಹೇಳಿದ.
ನಾನು ದೀಪ ಹತ್ತಿರ ಎಳೆದುಕೊಂಡೆ.
ಅವನು ಫೋನಿನ ಮೇಲೆ ಅಂಗೈ ಮುಚ್ಚಿದ,
ಮಗುವಿನ ನೆತ್ತಿ ಮುಚ್ಚುವ ಹಾಗೆ.
"ಬೇಡ. ಇನ್ನು ಹನ್ನೆರಡು ಅವಳು ಕಟ್ಟಲಿಕ್ಕಿದೆ.
ಮೊದಲು ಅವಳ ಬೀಗ ಬಿಡಲಿ."
ಯಾವ ಬೀಗ ಎಂದು ನಾನು ಕೇಳಲಿಲ್ಲ.

ಅವನಿಗೆ ಬೇಕಿದ್ದದ್ದು ಚಾರ್ಜರು, ಎರಡು ಬಾಯಿಯದು,
ಟ್ಯಾಕ್ಸಿಯೊಳಗೆ ಸಿಕ್ಕಿಸುವಂಥದ್ದು.
ಚೀನಾ ಮಾಲು, ಹನ್ನೆರಡಕ್ಕೆ ಕೊಟ್ಟೆ.
"ಇದಕ್ಕೆ ವಾರಂಟಿ?" ಎಂದ.
ಮೆಟ್ಟಿಲು ಹತ್ತಿ ಮುಗಿಸುವವರೆಗೆ, ಎಂದೆ.
ನಕ್ಕ. ಹತ್ತಿದ,
ಒಂದೊಂದೇ ಮೆಟ್ಟಿಲು, ಬೇಕೆಂದೇ ನಿಧಾನವಾಗಿ.